ದತ್ತಾತ್ರಿಯ ಅಳತೆ ಪುಸ್ತಕ

ಶಾಲುಬಾಯಿ ಎಷ್ಟು ಬೇಡವೆಂದರೂ ಅತ್ತೆ ಜಿಜಾಬಾಯಿ ಕೇಳಲಿಲ್ಲ. ನರಕ ಚತುರ್ದಶಿಯ ಬೆಳಗ್ಗೆ ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಹೊಟ್ಟೆಯ ಮೇಲಿದ್ದ ನೇರಳೆ ಗೆರೆಗಳನ್ನೆಲ್ಲ ಉಜ್ಜಿ ಉಜ್ಜಿ ತೊಳೆದುಬಿಟ್ಟಳು.

"ಅತ್ತಿ, ಅದು ದವಾಖಾನಿ ಗುರ್ತರಿ! ಅಳಿಸಬಾರದರಿ!"

"ಸುಮ್ನ ಕೂಡವಾ. ಇವತ್ತಿಂದ ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯದವರಂತ, ಚೌಕದಾಗ ಪೇಢಾ ಹಂಚ್ತಾರಂತ. ಹಬ್ಬದ ದಿನ ಮೈಮ್ಯಾಗ ಮಸಿ ಯಾಕ?"

ಆ ಪ್ರೀತಿಗೆ ಏನನ್ನೋಣ! ಶಾಲುಬಾಯಿಯ ಗರ್ಭಕೋಶದಲ್ಲಿ ಸಾವಿರಕ್ಕೊಬ್ಬರಿಗೂ ಬಾರದ ಕೆಟ್ಟ ಜಾತಿಯ ಗಡ್ಡೆ. ಹೈದರಾಬಾದಿನಲ್ಲಿ ಆಪರೇಷನ್ ಮುಗಿದು, ಕಿರಣ ಬಿಡುವ ಚಿಕಿತ್ಸೆ ಅರ್ಧವಾಗಿತ್ತು. ಕಿರಣ ಎಲ್ಲಿ ಬೀಳಬೇಕೆಂದು ತೋರಿಸುವುದೇ ಆ ಗೆರೆಗಳು. ಹಬ್ಬಕ್ಕೆಂದು ನಾಲ್ಕು ದಿನ ಭಾಲ್ಕಿಗೆ ಕಳಿಸುವಾಗ ಡಾಕ್ಟರ್ ಖತೀಜಾ ಬೇಗಂ, ಹೊಟ್ಟೆಗೆ ನೀರು ಸೋಕಿಸಬೇಡಿ ಎಂದು ಮೂರು ಸಲ ಹೇಳಿದ್ದರು.

ವಿಷಯ ತಿಳಿದ ಮೇಲೆ ಜಿಜಾಬಾಯಿ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ನನ್ನ ಕೈಯಾರೆ ಸೊಸಿಗಿ ಕೇಡು ಮಾಡಿದ್ನಲ್ಲೋ ದತ್ತು!"

ಮಗ ದತ್ತಾತ್ರಿ ಆಗಲೇ ಗೂಟದ ಮೇಲಿನ ಚೀಲ ಇಳಿಸುತ್ತಿದ್ದ. ಅವನು ಭಾಲ್ಕಿಯ ಹೆಸರಾಂತ ದರ್ಜಿ. ಹೊಲಿಗೆಗೆ ಎಷ್ಟು ಹೆಸರೋ ತಡ ಮಾಡುವುದಕ್ಕೂ ಅಷ್ಟೇ ಹೆಸರು. ಮದುವೆಗೆಂದು ಕೊಟ್ಟ ಅಂಗಿ ತೊಟ್ಟಿಲ ಕಾರ್ಯಕ್ಕೆ ಕೈಸೇರಿದರೆ ಪುಣ್ಯ. ಯಾರಾದರೂ ಅವಸರ ಮಾಡಿದರೋ, "ಜಲ್ದಿ ಅನ್ನೋ ಮಾತು ನನ್ನ ಪುಸ್ತಕದಾಗೇ ಇಲ್ಲರಿ" ಎಂದು ಬಟ್ಟೆಯನ್ನು ವಾಪಸ್ ಕೊಡುವ ಆಸಾಮಿ. ಈಗ ಅದೇ ಅಳತೆ ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡು ಹೆಂಡತಿಯನ್ನು ಹೈದರಾಬಾದಿನ ರೈಲು ಹತ್ತಿಸಿದ.

ಬೋಳು ಹೊಟ್ಟೆಯನ್ನು ನೋಡಿ ಖತೀಜಾ ಬೇಗಂ ಮುಖ ಗಂಟಿಕ್ಕಿದರು. ದೊಡ್ಡ ಡಾಕ್ಟರು ಬಂದು ಮೊದಲಿನಿಂದ ಗುರುತು ಹಾಕಬೇಕು, ಅವರು ಬರುವುದಕ್ಕೆ ಎಂಟು ದಿನ ಎಂದು ಉರ್ದುವಿನಲ್ಲಿ ಹೇಳಿದರು.

"ಎಂಟು ದಿನ ತಡ ಆದ್ರ ಹ್ಯಾಂಗರಿ?" ದತ್ತಾತ್ರಿ ಕೇಳಿದ.

ಡಾಕ್ಟರು ಫೈಲು ತೆರೆದರು; ಅದರಲ್ಲಿ ಗೆರೆಗಳ ಚಿತ್ರವಿತ್ತು, ಅಳತೆ ಇರಲಿಲ್ಲ. ಶಾಲುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ದತ್ತಾತ್ರಿ ಪುಸ್ತಕ ಬಿಚ್ಚಿದ. "ಅಳತಿ ಇಲ್ಲೇ ಅದರಿ ಬಾಯಿಸಾಬ. ಹೊಕ್ಕಳದಿಂದ ಎಡಕ್ಕ ಮೂರುವರಿ ಇಂಚು, ಟೊಂಕದ ಎಲುಬಿನಿಂದ ಒಳಗ ಎರಡು. ದೊಡ್ಡ ಡಾಕ್ಟರು ಗೆರಿ ಹಾಕಿದ ದಿನಾನೇ ತಗೊಂಡೀನಿ. ಈಕಿ ಮಲಗಿದ್ಳು."

"ಅಯ್ಯ! ನನಗ ಹೇಳದೇ?" ಇಷ್ಟು ಸಂಕಟದಲ್ಲೂ ಶಾಲುಬಾಯಿಯ ಮುಖ ಕೆಂಪಾಯಿತು.

"ಹೇಳಿದ್ರ ಟೇಪು ಹಿಡಿಲಿಕ್ಕ ಬಿಡ್ತಿದ್ದೇನು?"

ಖತೀಜಾ ಬೇಗಂ ಆ ಅಳತೆಯನ್ನು ಫೈಲಿನ ಚಿತ್ರಕ್ಕೂ, ಜಿಜಾಬಾಯಿಯ ಕೈಗೆ ಸಿಗದೆ ಬೆನ್ನ ಮೇಲೆ ಉಳಿದಿದ್ದ ಎರಡು ಗೆರೆಗೂ ತಾಳೆ ನೋಡಿದರು. ಮತ್ತೊಮ್ಮೆ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇವತ್ತೇ ಶುರು ಮಾಡೋಣ ಎಂದು ನರ್ಸಿಗೆ ಶಾಯಿ ತರಲು ಹೇಳಿದರು.

ಪುಸ್ತಕ ಹಿಂದಿರುಗಿಸುವಾಗ ಅವರ ಕಣ್ಣು ಪುಟದ ಕೊನೆಗೆ ಬಿತ್ತು. ಅಲ್ಲಿ, 'ಯಾವಾಗ ಬೇಕು' ಎಂದು ಬರೆಯುವ ಜಾಗ. ಕುತೂಹಲಕ್ಕೆ ಹಿಂದಿನ ಪುಟಗಳನ್ನು ತಿರುವಿದರು. ಊರಿಗೆ ಊರೇ ಅಳತೆ ಕೊಟ್ಟಿದ್ದರೂ ಆ ಜಾಗವೆಲ್ಲ ಖಾಲಿ. ಶಾಲುಬಾಯಿಯ ಪುಟದಲ್ಲಿ ಮಾತ್ರ, ದತ್ತಾತ್ರಿ ನಿಜಾಮರ ಕಾಲದ ಶಾಲೆಯಲ್ಲಿ ಕಲಿತಿದ್ದ ಉರ್ದು ಅಕ್ಷರದಲ್ಲಿ, ಕೆಂಪು ಪೆನ್ಸಿಲಿನಿಂದ ಎರಡೆರಡು ಸಲ ತೀಡಿ ಬರೆದಿತ್ತು: ಜಲ್ದಿ.