ಬಾಗಿಲಲ್ಲಿ ನಿಂತವನು

ಚಿತ್ತಪ್ಪ ಎರಡನೇ ಸಲವೂ ಉಸಿರು ತುಂಬಿಕೊಂಡು ಊದಿದ. ಸೀಟಿಯಿಂದ ಸದ್ದು ಬರಲಿಲ್ಲ, ಕಂದು ಎಂಜಲು ಬಂತು. ಜಗಳೂರಿನ ಹತ್ತಿ ಗೋದಾಮಿನ ತೊಲೆ ಉರಿದು ಬಿರಿಯುತ್ತಿರುವುದು ಅವನಿಗೆ ಕಾಣುತ್ತಿತ್ತು. ನೀರಿನ ಪೈಪು ಹಿಡಿದು ಒಳಗೆ ಹೋಗಿದ್ದ ಧರ್ಮಪ್ಪನಿಗೆ ಹೊಗೆಯಲ್ಲಿ ಅದು ಕಾಣುವಂತಿರಲಿಲ್ಲ. ಬಾಗಿಲಲ್ಲಿ ನಿಂತವನು ಸೀಟಿ ಊದಿದರೆ ಒಳಗಿದ್ದವನು ಓಡಿ ಬರಬೇಕು, ಫೈರ್ ಎಂಜಿನ್ನಿನವರ ಪದ್ಧತಿ ಅದು. “ಧರ್ಮಣ್ಣಾ, ಹೊರಗೆ ಬರ್ರಿ!” ಎಂದು ಚಿತ್ತಪ್ಪ ಕಿರುಚಿದ. ಪಂಪಿನ ಅಬ್ಬರದಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಹೆಂಚಿನ ಮಾಡು ಕುಸಿದು ಬಿತ್ತು.

ಧರ್ಮಪ್ಪ ಹಿಂದಿನ ಕಿಟಕಿಯಿಂದ ಹಾರಿ ಬದುಕಿದ್ದ. ಹುಬ್ಬು ಸುಟ್ಟುಹೋಗಿತ್ತು. ನೇರ ಬಂದವನೇ ಸೀಟಿ ಕಿತ್ತುಕೊಂಡು ಅಂಗೈಗೆ ಕುಟ್ಟಿದ. ಒಳಗಿನಿಂದ ಹೊಗೆಸೊಪ್ಪಿನ ಚೂರು ಉದುರಿತು.

“ಬಿಟ್ಟು ಹದಿನೈದು ದಿನ ಆತು ಅಂದ್ಯಲ್ಲೋ? ಬಾಯಾಗೆ ಇಟ್ಕೊಳಾಕೆ ಅಂತ ದಿನಾ ಲವಂಗ ತಂದು ಕೊಟ್ನಲ್ಲೋ, ಅದನ್ನೇನು ಕುರಿಗೆ ಹಾಕಿದ್ಯಾ?”

ಧರ್ಮಪ್ಪನ ದನಿ ತಗ್ಗಿತು.

“ಇವನ್ನ ಬಾಗ್ಲಿಗೆ ನಿಲ್ಲಿಸ್ಬ್ಯಾಡ, ಬಾಯಿ ತುಂಬ ಸೊಪ್ಪೇ ಇರ್ತೈತೆ ಅಂತ ಸಾಹೇಬ್ರು ಹೇಳಿದ್ರು. ಬಿಟ್ಟಾನೆ ಸಾರ್ ಅಂತ ನಾನೇ ಕೇಳಿ ನಿನ್ನ ಬಾಗ್ಲಿಗೆ ಹಾಕಿಸ್ಕೊಂಡೆ.”

ಹೊಡೆದಿದ್ದರೆ ಚಿತ್ತಪ್ಪ ತಡೆದುಕೊಳ್ಳುತ್ತಿದ್ದ. ತಪ್ಪಾಯಿತು ಎನ್ನಲು ಬಾಯಿ ತೆರೆದ, ಮಾತು ತೊದಲಿತು. ಕೆಳತುಟಿಯ ಹಿಂದೆ ಹೊಗೆಸೊಪ್ಪಿನ ಉಂಡೆ ಇನ್ನೂ ಹಾಗೆಯೇ ಇತ್ತು. ಮಾಡು ಬಿದ್ದಾಗಲೂ ಅದನ್ನು ಉಗುಳಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಧರ್ಮಪ್ಪ ಅವನ ಗದ್ದದ ಕೆಳಗೆ ಮಸಿ ಹಿಡಿದ ಅಂಗೈ ಚಾಚಿದ.

“ಉಗುಳು,” ಎಂದ.