ಹಲಗೆಯ ಕೆಳಗಿನ ಲೆಕ್ಕ

“ಇವತ್ತು ಯಾರೂ ಸರಿಯಾದ ಉತ್ತರ ಹೇಳಬಾರದು. ಯಾರಾದ್ರೂ ನೆಲಕ್ಕೆ ಕೈಯೂರಿದ್ರೋ, ಚರ್ಮ ಸುಲಿದ್ಬಿಡ್ತೀನಿ,” ಎಂದು ಸಂಜೀವಪ್ಪ ಮೇಷ್ಟರು ಬೆತ್ತ ಝಳಪಿಸಿದರು. ಮೂವತ್ತೆಂಟು ಮಕ್ಕಳೂ ಅಂಗೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತರು. ಇನ್ಸ್‌ಪೆಕ್ಟರು ಬರುವ ದಿನ ಮಕ್ಕಳಿಗೆ ಹೀಗೆ ಪಾಠ ಹೇಳಿಕೊಟ್ಟ ಮೇಷ್ಟರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ನೇಕಾರರ ಬೀದಿಯ ಆ ಶಾಲೆ ನಡೆಯುತ್ತಿದ್ದುದು ಅಕ್ಕಯ್ಯಮ್ಮನ ಮನೆಯ ಹಜಾರದಲ್ಲಿ, ಬಾಡಿಗೆಗೆ. ಆಕೆಯ ಗಂಡ ಚೌಡಯ್ಯ ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಮಗ್ಗ ನಡೆಸುತ್ತಿದ್ದ ಜಾಗ ಅದು. ಅರ್ಧ ನೇಯ್ದ ಸೀರೆಯ ಮೇಲೆ ತಲೆಯಿಟ್ಟು ಅವನು ಸತ್ತ ಮೇಲೆ ಮಗ್ಗ ಬಿಚ್ಚಿದರು, ಗುಂಡಿಗೆ ಹಲಗೆ ಮುಚ್ಚಿದರು, ಸುತ್ತ ಮಕ್ಕಳನ್ನು ಕೂರಿಸಿದರು. ಈಗ ಆ ಹಲಗೆಯೂ ಒಂದು ಮೂಲೆಯಲ್ಲಿ ಲಡ್ಡಾಗಿ ಸಂದಿ ಬಿದ್ದಿತ್ತು.

ಬಾಯಿಲೆಕ್ಕ ಕೇಳಿದರೆ ಸಾಕು, ಮಕ್ಕಳು ನೆಲಕ್ಕೆ ಅಂಗೈ ಊರುತ್ತಿದ್ದರು. ಕೆಳಗೆ ಲಾಳಿ ಬಡಿದ ಹಾಗೆ ಟಕ್, ಟಕ್ ಎನ್ನುತ್ತಿತ್ತು. ಅದು ಎಷ್ಟಕ್ಕೆ ನಿಂತಿತೋ ಅಷ್ಟೇ ಉತ್ತರ. ಆರು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಸುಳ್ಳೇಕೆ, ಮೊದಮೊದಲು ಮೇಷ್ಟರೂ ಬೀಗಿದವರೇ. ವಾರ್ಷಿಕ ವರದಿಯ ‘ಸಾಧನೆ’ ಕಾಲಂನಲ್ಲಿ ಪ್ರತಿ ಸಲವೂ ನೂರಕ್ಕೆ ನೂರು. ಅದರ ಕೆಳಗೆ, ‘ಬೇಕಾದ ಅನುಕೂಲ’ ಎಂಬಲ್ಲಿ ‘ಸ್ವಂತ ಕಟ್ಟಡ’ ಎಂದು ಬರೆದರೆ, ‘ಇಂಥ ಫಲಿತಾಂಶ ಕೊಡುವ ಕಟ್ಟಡಕ್ಕೇನು ಕೊರತೆ?’ ಎಂದು ಷರಾ ಬಿದ್ದು ವಾಪಸು ಬರುತ್ತಿತ್ತು. ಬೇವಿನ ಮರದ ಕೆಳಗೆ ಪಾಠ ಮಾಡಿದ್ದಕ್ಕೆ ಮೆಮೊ ಕೂಡ ಬಂದಿತ್ತು.

ಮೊನ್ನೆ ಎರಡನೇ ತರಗತಿಯ ಪಾಪಕ್ಕನ ಕೈಯಲ್ಲಿ, ಲಾಳಿಯೊಳಗೆ ಇಡುವ ಕಂಡಿಕೆ ಕಾಣಿಸಿತು. ಅದಕ್ಕೆ ಹಳದಿ ರೇಷ್ಮೆ ನೀಟಾಗಿ ಸುತ್ತಿತ್ತು. ಯಾರಿಗೆ ಎಂದು ಕೇಳಿದರೆ, “ತಾತಂಗೆ ಸಾ. ಕೆಳಗ್ ಬಾ, ಇಲ್ಲೇ ಕೂತ್ಕೊಂಡು ಸುತ್ಕೊಡು ಅಂತು,” ಎಂದಳು. ಮೇಷ್ಟರು ಅಕ್ಕಯ್ಯಮ್ಮನ ಬಳಿಗೆ ಓಡಿದರು. ಆಕೆ ಕೇರುತ್ತಿದ್ದ ಮೊರದಿಂದ ತಲೆಯೆತ್ತಲಿಲ್ಲ.

“ನಮಗೆ ಮಕ್ಕಳಾಗ್ಲಿಲ್ವಲ್ಲ ಮೇಷ್ಟ್ರೇ. ಕಂಡಿಕೆ ಸುತ್ಕೊಡಕ್ಕೆ ಒಂದು ಕೂಸಿಲ್ಲ ಅಂತ ಸಾಯೋಗಂಟ ಕೊರಗಿದ್ರು. ಈಗ ನೋಡಿ, ಮನೆ ತುಂಬ ಮಕ್ಕಳು.”

ಮೇಷ್ಟರು ಅಂದೇ ತೀರ್ಮಾನಿಸಿದರು. ಈ ವರ್ಷ ಹೇಗಾದರೂ ಮಾಡಿ ಮಕ್ಕಳನ್ನು ಆ ಮನೆಯಿಂದ ಎಬ್ಬಿಸಬೇಕು. ಅದಕ್ಕೆ ಮಕ್ಕಳು ಒಂದು ದಿನದ ಮಟ್ಟಿಗೆ ದಡ್ಡರಾಗುವುದೊಂದೇ ದಾರಿ.

ಇನ್ಸ್‌ಪೆಕ್ಟರು ವೆಂಕಟರಮಣಪ್ಪ ಹನ್ನೊಂದಕ್ಕೆ ಬಂದು ಕುರ್ಚಿಯಲ್ಲಿ ಕೂತರು. ಕರೆಂಟು ಹೋಗಿ ಬೀದಿಯ ಪವರ್‌ಲೂಮುಗಳೆಲ್ಲ ಬಾಯಿ ಮುಚ್ಚಿದ್ದವು.

“ಒಂದು ಡಜನ್ ಮಾವಿನಹಣ್ಣು. ಐದು ಕೊಳೆತುಹೋದವು. ಉಳಿದಿದ್ದೆಷ್ಟು?”

“ಇಪ್ಪತ್ತು ಸಾ!”

“ಎರಡು ವಾರಕ್ಕೆ ಎಷ್ಟು ದಿನ?”

“ಮೂರು ಸಾ!”

ಇನ್ಸ್‌ಪೆಕ್ಟರು ಕನ್ನಡಕ ತೆಗೆದರು. “ಏನ್ರೀ ಮೇಷ್ಟ್ರೇ ಇದು? ಈ ಸ್ಕೂಲಿನ ಹೆಸರು ಕೇಳಿಕೊಂಡು ಬಂದವನು ನಾನು.”

“ಕಟ್ಟಡ ಸಾರ್. ಈ ಕತ್ತಲಲ್ಲಿ ಮಕ್ಕಳ ತಲೆಗೆ ಏನೂ ಹತ್ತಲ್ಲ,” ಎಂದು ಮೇಷ್ಟರು ಬಾಯಿಪಾಠ ಮಾಡಿಟ್ಟಿದ್ದನ್ನು ಒಪ್ಪಿಸಿದರು.

ಆಗ ಕೆಳಗಿನಿಂದ ಸದ್ದು ಬಂತು. ಟಕ್, ಟಕ್ ಎಂದು ಏಳು ಸಲ. ಸ್ವಲ್ಪ ಬಿಟ್ಟು, ಹದಿನಾಲ್ಕು ಸಲ.

ಇನ್ಸ್‌ಪೆಕ್ಟರ ಮುಖ ಅರಳಿತು. “ಯಾರದು, ಹಿಮ್ಮಡಿಯಲ್ಲಿ ಉತ್ತರ ಹೇಳ್ತಿರೋದು? ಇಷ್ಟು ಜನದಲ್ಲಿ ಬುದ್ಧಿವಂತ ಮಗು ಒಂದಾದ್ರೂ ಇದೆಯಲ್ಲ!” ಯಾವ ಮಗುವೂ ಮಿಸುಕಲಿಲ್ಲ.

“ಹೋಗ್ಲಿ ಬಿಡಿ,” ಎಂದು ಇನ್ಸ್‌ಪೆಕ್ಟರು ವರದಿ ಬಿಚ್ಚಿ ಕೆಂಪು ಶಾಯಿಯ ಪೆನ್ನು ತೆಗೆದರು. “ಒಂದು ಮಗು ಕಲ್ತಿದೆ ಅಂದ್ಮೇಲೆ ತಪ್ಪು ನಿಮ್ದಲ್ಲ, ಈ ಕತ್ತಲೇದು. ಬರೋ ಜೂನ್‌ಗೆ ಹೊಸ ಕಟ್ಟಡ ಮಾಡಿಸ್ಕೊಡ್ತೀನಿ. ಅಲ್ಲಿಗೆ ಬರೋ ಮಕ್ಕಳೆಷ್ಟು ಹೇಳಿ, ಅಷ್ಟು ಮಣೆಗೂ ಬರೆದುಬಿಡೋಣ.”

ಮೇಷ್ಟರ ಕಣ್ಣು ತುಂಬಿ ಬಂತು. “ಮೂವತ್ತೆಂಟು ಸಾರ್. ಎಲ್ಲರೂ ಬರ್ತಾರೆ. ಒಬ್ಬರೂ ಇಲ್ಲಿ ಉಳಿಯಲ್ಲ.”

ಇನ್ಸ್‌ಪೆಕ್ಟರು ಬರೆದುಕೊಂಡರು. ಮತ್ತೆ ಕೆಳಗೆ ಸದ್ದು ಶುರುವಾಯಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಮೇಷ್ಟರು ತುಟಿಯಲ್ಲೇ ಎಣಿಸಿದರು. ಮೂವತ್ತು ದಾಟಿದಾಗ ಅವರಿಗೆ ಕೊಂಚ ಆಸೆ ಹುಟ್ಟಿತು. ಮೂವತ್ತೈದು, ಮೂವತ್ತಾರು, ಮೂವತ್ತೇಳು. ಅಷ್ಟಕ್ಕೆ ನಿಂತಿತು. ಇನ್ನೊಂದಕ್ಕಾಗಿ ಮೇಷ್ಟರು ಕಾದರು, ಮಕ್ಕಳೂ ಕಾದರು. ಒಳಮನೆಯಲ್ಲಿ ಅಕ್ಕಯ್ಯಮ್ಮನ ಮೊರದ ಸದ್ದೂ ನಿಂತಿತ್ತು.

“ನೋಡಿದ್ರಾ? ಆ ಮಗು ಇಲ್ಲೀವರೆಗೂ ಒಂದೂ ತಪ್ಪು ಹೇಳಿಲ್ಲ. ನೀವೇ ಒಂದು ಜಾಸ್ತಿ ಹೇಳ್ಬಿಟ್ರಿ,” ಎಂದು ನಗುತ್ತ ಇನ್ಸ್‌ಪೆಕ್ಟರು ಮೂವತ್ತೆಂಟನ್ನು ಹೊಡೆದುಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ಮೂವತ್ತೇಳು ಎಂದು ಬರೆದರು.

ಮೇಷ್ಟರು ಪಾಪಕ್ಕನ ಕಡೆಗೆ ತಿರುಗಿದರು. ಹೇಳಿದ ಮಾತು ಮೀರುವ ಹುಡುಗಿಯಲ್ಲ ಅವಳು. ಎರಡು ಅಂಗೈಗಳೂ ಕಂಕುಳಲ್ಲೇ ಇದ್ದವು. ಕಾಲುಗಳನ್ನು ಮಾತ್ರ ಹಲಗೆಯ ಸಂದಿಯೊಳಗೆ, ಗುಂಡಿಗೆ ಇಳಿಬಿಟ್ಟು ಕೂತಿದ್ದಳು.