ಹೊಸ ರಾಕ್ಷಸಿಯ ಕತ್ತು

ಆ ಬೆಳಿಗ್ಗೆಯೂ ಅಮ್ಮ ನನಗೆ ಎರಡು ಜಡೆ ಹೆಣೆದು, ಕಾನ್ವೆಂಟಿನ ನೀಲಿ ರಿಬ್ಬನ್ ಕಟ್ಟಲು ಹೋಗಿ, ದಸರಾ ರಜೆಯೆಂದು ನೆನಪಾಗಿ ನಕ್ಕು ಬಿಚ್ಚಿದಳು. ಹಿತ್ತಲಲ್ಲಿ ಚಿನ್ನಕ್ಕ ಪಾತ್ರೆ ತಿಕ್ಕುತ್ತಿದ್ದಳು. ಎಸ್ಟೇಟಿನ ಕೂಲಿಗಳ ಲೈನ್ ಮನೆಯಿಂದ ದಿನವೂ ಬರುತ್ತಿದ್ದ ಅವಳ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟಿತ್ತು.

ಅಂಗಳದಲ್ಲಿ ಮಾವ ಆಯುಧಪೂಜೆಯ ಮೆರವಣಿಗೆಗೆ ತಮ್ಮ ಜೀಪಿನ ಮೇಲೆ ಕೂರಿಸಲು ಕಾಗದದ ರಾಕ್ಷಸಿ ಮಾಡುತ್ತಿದ್ದರು. ಎರಡು ದಿನದ ಹಿಂದೆ ಕಾಯಿಸಿದ ಮೈದಾ ಅಂಟು ಹಳಸಿ, ನೊರೆಯೆದ್ದು ನಾರುತ್ತಿತ್ತು. ಇಷ್ಟು ವರ್ಷಗಳಾದ ಮೇಲೆ, ಮೊನ್ನೆ ನನ್ನ ಮಗಳ ಶಾಲೆಯ ಪ್ರಾಜೆಕ್ಟಿಗೆಂದು ಕಾಯಿಸಿಟ್ಟ ಅಂಟು ಹಾಗೆಯೇ ಹಳಸಿದಾಗ ಪಾತ್ರೆ ಸಮೇತ ಹೊರಗೆಸೆದೆ.

"ಪ್ರತಿ ವರ್ಷ ಅದೇ ಮೂತಿ ಅಂತಾರೆ ಜನ," ಎಂದರು ಮಾವ. "ಕೋರೆಹಲ್ಲು, ಕೆದರಿದ ಕೂದಲು ಇದ್ರೆ ಸಾಕು, ರಾಕ್ಷಸಿ ಅಂತ ಗೊತ್ತಾಗ್ತದೆ. ಉಳಿದದ್ದು ಹೊಸದು ಮಾಡುವ. ಏನು ಹಾಕುವ, ಹೇಳು ಮರೀ?"

"ಚಿನ್ನಕ್ಕನ ಗಂಟು!" ಎಂದೆ.

ಮಾವ ಹೊಟ್ಟೆ ಹಿಡಿದು ನಕ್ಕರು. "ಭಾರಿ ತಲೆ ನಿಂದು!"

ಹಳೆ ಬಟ್ಟೆಯ ಉಂಡೆಯನ್ನು ಅಂಟಿನಲ್ಲಿ ಅದ್ದಿ ನಾನೇ ರಾಕ್ಷಸಿಯ ಕತ್ತಿಗೆ ಒತ್ತಿದೆ. ಅದು ತಣ್ಣಗೆ, ಲೋಳೆಲೋಳೆಯಾಗಿ ಬೆರಳ ಸಂದಿಯಲ್ಲಿ ಜಿನುಗಿತು.

ಪಾತ್ರೆ ಹೊತ್ತು ಬಂದ ಚಿನ್ನಕ್ಕ ನೋಡುತ್ತ ನಿಂತಳು. ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡಳು.

"ಚೆನ್ನಾಗಿದೆ ಪಾಪು," ಎಂದಳು. ಅಮ್ಮ ಕೊಟ್ಟ ಕಾಫಿ ಕುಡಿಯದೆ ಹೋದಳು. ಮೂರು ಸಲ ಸೋಪು ಹಾಕಿ ತೊಳೆದರೂ ನನ್ನ ಕೈ ನಾರುತ್ತಲೇ ಇತ್ತು.

ಸಂಜೆ ಪಕ್ಕದ ಮನೆಯ ಆಂಟಿ ಮಲ್ಲಿಗೆ ಬಿಡಿಸುತ್ತ ಬೇಲಿಯಾಚೆಯಿಂದ ಇಣುಕಿ ರಾಕ್ಷಸಿಯ ಕತ್ತಿನ ಗಂಟು ನೋಡಿದರು.

"ಇಷ್ಟೆಲ್ಲ ಕಷ್ಟ ಯಾಕಣ್ಣ? ನಿಮ್ಮ ಆ ಕೆಲಸದ ಹೆಂಗಸನ್ನೇ ಜೀಪಲ್ಲಿ ಕೂರಿಸಿದ್ರೆ ಆಗ್ತಿತ್ತಲ್ಲ!"